ಒಪ್ಪಿಸಿ ಹೊರಡುವ ಹೊತ್ತು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಸಂಜೆಯಾದರೆ ಕರೆಂಟು ಸೊರಗುತ್ತಿತ್ತು. ಪೂರ್ತಿ ಹೋಗುತ್ತಿರಲಿಲ್ಲ, ಸೊರಗುತ್ತಿತ್ತು. ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ ಕಾಣುತ್ತಿತ್ತು. ಫ್ಯಾನಿನ ರೆಕ್ಕೆಗಳನ್ನು ಬೇಕಾದರೆ ಒಂದೊಂದಾಗಿ ನೋಡಬಹುದಿತ್ತು. ಅದೇ ಕಾಲಕ್ಕೆ ಗಲ್ಫಿಗೆ ಹೋದವರ ಮನೆಗಳಿಗೆ ಫ್ರಿಜ್ಜುಗಳು ಬರತೊಡಗಿದ್ದವು. ಕರೆಂಟು ಸೊರಗಿದಾಗ ಫ್ರಿಜ್ಜಿನ ಮೋಟಾರು ಹೆಣಗಾಡಿ ಹೆಣಗಾಡಿ ಕೊನೆಗೆ ಸುಟ್ಟುಹೋಗುತ್ತಿತ್ತು. ಅದನ್ನು ಕಾಯಲು ಸ್ಟೆಬಿಲೈಸರ್ ಬೇಕು. ಕಬ್ಬಿಣದ ಒಂದು ಪೆಟ್ಟಿಗೆ, ಅದರೊಳಗೆ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್. ಈಚೆಯಿಂದ ಬರುವ ಕರೆಂಟು ಏರಲಿ, ಇಳಿಯಲಿ, ಆಚೆಗೆ ಒಂದೇ ಹದದಲ್ಲಿ ಬಿಡುವ ಪೆಟ್ಟಿಗೆ. ಮಣಿಪಾಲದಲ್ಲಿ ನಾವು ಮೂವರು ಸೇರಿ ಅದನ್ನು ಮಾಡಲು ಹೊರಟೆವು.

ಮೂವರು ಅಂದರೆ ನನ್ನ ಅಣ್ಣ, ನಾನು ಮತ್ತು ಸಿಸ್ಟರ್. ಅಣ್ಣ ಇಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಬೇರೆಯವರ ಕೈಕೆಳಗೆ ಕೆಲವು ವರ್ಷ ದುಡಿದಿದ್ದ. ನಾನು ಕಾರ್ಕಳದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯ ಮಾತುಗಳನ್ನು ಮುಂದೂಡುತ್ತ ಅಮ್ಮನ ಜೊತೆ ಮನೆಯಲ್ಲಿದ್ದೆ. ಸಿಸ್ಟರ್ ನಮ್ಮ ಸಂಬಂಧಿಯೂ ಅಲ್ಲ, ಸನ್ಯಾಸಿನಿಯೂ ಅಲ್ಲ. ಕಾಪುವಿನ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನದವರು. ಬಹ್ರೈನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು, ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ, “ಸಾಕಾಯಿತು” ಎನ್ನುತ್ತಿದ್ದರು, ಅಷ್ಟೆ. ಅವರ ಮನೆಯ ಸುಟ್ಟ ಫ್ರಿಜ್ಜು ನೋಡಲು ಅಣ್ಣ ಹೋಗಿದ್ದಾಗ ಪರಿಚಯವಾಯಿತು.

“ಇದು ಸುಡದ ಹಾಗೆ ಮಾಡುವ ಪೆಟ್ಟಿಗೆ ನಿಮಗೆ ಮಾಡಲಿಕ್ಕೆ ಬರ್ತದಾ?” ಎಂದು ಅವರು ಕೇಳಿದರಂತೆ.

“ಬರ್ತದೆ.”

“ಹಾಗಾದರೆ ಮಾಡುವ.”

ಆ ಒಂದು ಮಾತಿನ ಮೇಲೆ ನಮ್ಮ ಕಾರ್ಖಾನೆ ಶುರುವಾಯಿತು. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಮಣಿಪಾಲದ ಗುಡ್ಡದ ಮಗ್ಗುಲಲ್ಲಿ ಕೆಂಪು ಮುರಕಲ್ಲಿನ ಗೋಡೆ, ಹಂಚಿನ ಮಾಡು ಇದ್ದ ಒಂದು ಶೆಡ್ಡು. ಬಾಗಿಲು ತೆರೆದರೆ ಕೆಳಗೆ ಕಣಿವೆ, ಅದರಾಚೆ ತುಂಬ ದೂರದಲ್ಲಿ ಘಟ್ಟದ ನೀಲಿ ಸಾಲು. ಯಾವಾಗಲೂ ಗಾಳಿ. ತಂತಿ ಸುತ್ತಲು ಪರ್ಕಳದ ಇಬ್ಬರು ಹುಡುಗಿಯರು ಬರುತ್ತಿದ್ದರು.

ಮೊದಲ ತಿಂಗಳುಗಳನ್ನು ಈಗ ನೆನೆದರೆ ನಾನೇ ಇದ್ದೆನೋ, ಬೇರೆ ಯಾರಾದರೂ ನನಗೆ ಹೇಳಿದ್ದೋ ಎಂದು ಅನುಮಾನವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವಾಗ ಕಣಿವೆ ತುಂಬ ಮಂಜು ಇರುತ್ತಿತ್ತು. ಹೊಳೆ ಎಲ್ಲಿ, ಗದ್ದೆ ಎಲ್ಲಿ ತಿಳಿಯುತ್ತಿರಲಿಲ್ಲ. ಶೆಡ್ಡಿನೊಳಗೆ ವಾರ್ನಿಷಿನ ಸಿಹಿ ವಾಸನೆ. ಹೊಸ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಪರೀಕ್ಷೆಗೆ ಕರೆಂಟು ಕೊಟ್ಟರೆ ಅವೆಲ್ಲ ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಮೂವರೂ ಹೊಸ್ತಿಲಲ್ಲಿ ಕೂತರೆ, ಸಿಸ್ಟರ್ ಮರಳುಗಾಡಿನ ಕಥೆ ಹೇಳುತ್ತಿದ್ದರು, ಅಣ್ಣ ಮುಂದೆ ಮಾಡಲಿರುವ ಪೆಟ್ಟಿಗೆಗಳ ಕಥೆ ಹೇಳುತ್ತಿದ್ದ. ಮುಂದೆ ಟಿ.ವಿ.ಗೊಂದು, ಪಂಪಿಗೊಂದು, ಇಡೀ ಮನೆಗೊಂದು. ಹೇಳುವಾಗ ಅವನ ಕೈಬೆರಳುಗಳು ಗಾಳಿಯಲ್ಲಿ ತಂತಿ ಸುತ್ತುತ್ತಿದ್ದವು. ಕೇಳುತ್ತ ಕೇಳುತ್ತ ಉಡುಪಿಯಿಂದ ಹೆಬ್ರಿಯವರೆಗೆ ಎಲ್ಲ ಮನೆಗಳಲ್ಲೂ ನಮ್ಮ ಪೆಟ್ಟಿಗೆ ಗುಂಯ್ಗುಡುವುದು ನನಗೂ ಕೇಳಿಸುತ್ತಿತ್ತು.

ಎರಡನೆಯ ಮಳೆಗಾಲದ ಹೊತ್ತಿಗೆ ಅಣ್ಣನ ಬೆರಳುಗಳು ಮಾತಿಲ್ಲದೆಯೂ ಸುತ್ತತೊಡಗಿದವು.

ಮನೆಯಲ್ಲಿ ಊಟಕ್ಕೆ ಕೂತರೆ ಅನ್ನ ಕಲಸುತ್ತ ಕಲಸುತ್ತ ಬಾಯಲ್ಲಿ ಏನೋ ಎಣಿಸುತ್ತಿದ್ದ. ತಂತಿಯ ಸುತ್ತುಗಳು. ಅಮ್ಮ, “ಸಾರು ಹಾಕಲಾ?” ಎಂದು ಕೇಳಿದರೆ ಎಣಿಕೆ ತಪ್ಪಿತೆಂದು ಮುಖ ಸಿಂಡರಿಸುತ್ತಿದ್ದ. ಶೆಡ್ಡಿನಲ್ಲಿ ಬೀಗದ ಕೈ ಅವನ ಬಳಿ, ಲೆಕ್ಕಾಚಾರ ಅವನ ತಲೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ ಯಾವ ದೋಷ ಎನ್ನುವುದು ಅವನಿಗೆ ಮಾತ್ರ ಗೊತ್ತು. ನಾನು ಮತ್ತು ಹುಡುಗಿಯರು ತಂತಿ ಸುತ್ತುತ್ತಿದ್ದೆವು, ಅವನು ಹೇಳಿದಷ್ಟು. ಸಿಸ್ಟರ್ ಅಂಗಡಿ, ಮನೆಗಳಿಗೆ ಹೋಗಿ ಪೆಟ್ಟಿಗೆ ಮಾರಿ ಬರುತ್ತಿದ್ದರು. ಉಳಿದದ್ದೆಲ್ಲ ಅಣ್ಣ. ಭಾನುವಾರವೂ ಬಾಗಿಲು ತೆರೆಯುತ್ತಿದ್ದ. “ಸರ್ಕ್ಯೂಟು ನನಗೂ ಹೇಳಿಕೊಡು. ನಾನು ಓದಿದ್ದು ಫಿಸಿಕ್ಸೇ ಅಲ್ವಾ?” ಎಂದು ಒಂದು ದಿನ ಕೇಳಿದೆ.

“ನಿನಗೆ ಯಾಕೆ ಆ ತಲೆಬಿಸಿ?” ಅಂದ.

ತಲೆಬಿಸಿ. ಈಗಿನವರು ಇಂಥ ಸಣ್ಣ ಹೊಸ ಕಂಪೆನಿಗಳಿಗೆ ಸ್ಟಾರ್ಟ್‌ಅಪ್ ಎನ್ನುತ್ತಾರೆ, ಅದನ್ನು ಕಟ್ಟುವವರು ಒಳಗೊಳಗೇ ಉರಿದುಹೋಗುವುದಕ್ಕೂ ಇಂಗ್ಲಿಷಿನಲ್ಲೊಂದು ಹೆಸರು ಉಂಟು. ನಮ್ಮ ಬಳಿ ಇದ್ದದ್ದು ಆ ಒಂದು ಶಬ್ದ. ಬಸ್ಸು ತಪ್ಪಿದರೂ ಅದೇ, ಬದುಕು ತಪ್ಪಿದರೂ ಅದೇ. ಹಾಗಾಗಿ ಯಾವುದು ಎಷ್ಟು ದೊಡ್ಡದು ಎಂದು ನನಗೆ ತಿಳಿಯಲಿಲ್ಲ.

ಮಳೆ ಹಿಂದೆ ಸರಿಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅಣ್ಣ ನನಗಿಂತ ಮುಂಚೆ ಹೊರಟ. ಉಡುಪಿಗೆ ಹೋಗಿ ತಾಮ್ರದ ತಂತಿ ತರುತ್ತೇನೆ ಅಂದಿದ್ದ. ಮಧ್ಯಾಹ್ನವಾದರೂ ಶೆಡ್ಡಿಗೆ ಬರಲಿಲ್ಲ. ಸಂಜೆ ನಾನು ಕಾರ್ಕಳಕ್ಕೆ ಬಂದು ನೋಡಿದರೆ, ಮನೆಯ ಜಗಲಿಯಲ್ಲಿ ಕೂತಿದ್ದಾನೆ. ಅಂಗಿ ಪೂರ್ತಿ ಮುದುಡಿತ್ತು.

“ತಂತಿ ಎಲ್ಲಿ?”

“ಸಿಗಲಿಲ್ಲ.”

ಮರುದಿನ ಬಸ್ಸಿನಲ್ಲಿ ಟಿಕೇಟು ಹರಿಯುವಾಗ ಕಂಡಕ್ಟರು ನನ್ನ ಹತ್ತಿರ ಬಾಗಿ ದನಿ ತಗ್ಗಿಸಿ ಕೇಳಿದರು, “ನಿಮ್ಮ ಅಣ್ಣನಿಗೆ ಹುಷಾರು ಉಂಟಲ್ಲ? ನಿನ್ನೆ ಬೆಳಿಗ್ಗೆ ನಮ್ಮ ಬಸ್ಸಿನಲ್ಲಿ ಬಂದರು. ಮಣಿಪಾಲ ಬಂತು ಅಂತ ಕರೆದೆ, ಏಳಲಿಲ್ಲ, ಉಡುಪಿಗೆ ಹೋದರು. ಮಧ್ಯಾಹ್ನ ಕಾರ್ಕಳದಲ್ಲಿ ನೋಡಿದರೆ ಪುನಃ ಹತ್ತಿದ್ದಾರೆ. ಯಾವಾಗ ಹಿಂದೆ ಬಂದರೋ ಗೊತ್ತಿಲ್ಲ.”

ನನಗೂ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಆದರೆ ಅಂದಿನಿಂದ ಅವನ ಜೊತೆಗೇ ಹೊರಡತೊಡಗಿದೆ.

ಒಂದು ಭಾನುವಾರ ಇಬ್ಬರೂ ಕಾರ್ಕಳದಲ್ಲಿ ಬಸ್ಸು ಹತ್ತಿದೆವು. ಕಿಟಕಿಯ ಬದಿಗೆ ಅವನು, ಪಕ್ಕದಲ್ಲಿ ನಾನು. ಹಿರಿಯಡ್ಕ ದಾಟಿತು, ಪರ್ಕಳ ದಾಟಿತು. ಮಣಿಪಾಲದಲ್ಲಿ ನಾನು ಎದ್ದು ನಿಂತೆ. ಅವನು ಏಳಲಿಲ್ಲ. ನಿದ್ರೆ ಬಂದಿರಲಿಲ್ಲ, ಕಣ್ಣು ತೆರೆದೇ ಇತ್ತು. ನಾನು ಪುನಃ ಕೂತೆ. ಯಾಕೆ ಇಳಿಯಲಿಲ್ಲ ಎಂದು ನಾನು ಕೇಳಲಿಲ್ಲ, ನೀನು ಯಾಕೆ ಇಳಿಯಲಿಲ್ಲ ಎಂದು ಅವನೂ ಕೇಳಲಿಲ್ಲ. ಬಸ್ಸು ಉಡುಪಿಗೆ ಇಳಿಯಿತು. ಅಲ್ಲಿ ಅವನು ಇಳಿದು, ಯಾರೋ ಕೈಹಿಡಿದು ಕರೆದೊಯ್ಯುತ್ತಿದ್ದ ಹಾಗೆ ನೇರ ಹೋಗಿ ಪಡುಬಿದ್ರಿಯ ಬಸ್ಸು ಹತ್ತಿದ. ನಾನೂ ಹತ್ತಿದೆ.

ಆ ಪ್ರಯಾಣ ನನ್ನೊಳಗೆ ಇನ್ನೂ ನಿಂತಿಲ್ಲ. ಮಳೆ ಬಿಟ್ಟ ಬಿಸಿಲು, ಗದ್ದೆಗಳಲ್ಲಿ ನಿಂತ ನೀರಿನೊಳಗೆ ಬಿಳಿ ಮೋಡ. ಬಸ್ಸು ಓಡಿದಂತೆ ಮೋಡವೂ ಗದ್ದೆಯಿಂದ ಗದ್ದೆಗೆ ದಾಟುತ್ತಿತ್ತು. ಕಿಟಕಿಯ ಸರಳುಗಳ ನೆರಳು ಅಣ್ಣನ ಮುಖದ ಮೇಲೆ ಹೋಗಿ ಬರುತ್ತಿತ್ತು. ಕಟಪಾಡಿ ದಾಟುವಾಗ ಅವನ ತಲೆ ಕಿಟಕಿಗೆ ಒರಗಿತು. ಬೆರಳುಗಳು ತೊಡೆಯ ಮೇಲೆ ಸುತ್ತುತ್ತಲೇ ಇದ್ದವು, ಆಮೇಲೆ ನಿಧಾನವಾದವು, ಆಮೇಲೆ ನಿಂತವು. ಎಷ್ಟೋ ದಿನಗಳ ನಂತರ ಅವನ ಕೈ ಸುಮ್ಮನಿರುವುದನ್ನು ನೋಡಿದೆ.

ರಸ್ತೆಯ ಹೊಂಡಕ್ಕೆ ಬಸ್ಸು ಎತ್ತಿಹಾಕಿದಾಗ ಅವನಿಗೆ ಎಚ್ಚರವಾಯಿತು.

“ಎಲ್ಲಿಗೆ ಹೋಗುವುದು ಅಣ್ಣ?” ಎಂದು ಆಗ ಕೇಳಿದೆ.

“ಎಲ್ಲಿಗೂ ಅಲ್ಲ. ಪಡುಬಿದ್ರಿಯಲ್ಲಿ ಇಳಿದರೆ ಬೆಳ್ಮಣ್ ಮೇಲೆ ಕಾರ್ಕಳದ ಬಸ್ಸು ಸಿಗ್ತದೆ. ಕಾರ್ಕಳದಿಂದ ಪುನಃ ಮಣಿಪಾಲ.” ದಾರಿ ಹೇಳುವವನ ಹಾಗೆ ಹೇಳಿದ. “ಒಂದು ಸುತ್ತು.”

“ಯಾಕೆ?”

“ಇಲ್ಲಿ ಕೂತರೆ ನಿದ್ರೆ ಬರ್ತದೆ. ಮನೆಯಲ್ಲಿ ಬರುವುದಿಲ್ಲ. ಬಸ್ಸು ಹೋಗ್ತಾ ಇರ್ತದಲ್ಲ, ಏನೋ ಕೆಲಸ ಆಗ್ತಾ ಉಂಟು ಅಂತ ಅನಿಸ್ತದೆ. ಮನೆಯಲ್ಲಿ ಮಲಗಿದರೆ ಯಾವುದೂ ಆಗ್ತಾ ಇಲ್ಲ ಅಂತ ಎದೆ ಹೊಡೆದುಕೊಳ್ತದೆ.”

ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಕಂಡಕ್ಟರು, “ಕಾಪು, ಕಾಪು” ಎಂದು ಕೂಗಿದರು. ನನಗೆ ಸಿಸ್ಟರಿನ ನೆನಪಾಯಿತು. ಭಾನುವಾರ ಅವರು ಇಗರ್ಜಿಯ ಪೂಜೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಶೆಡ್ಡಿಗೆ ಬರುತ್ತಿದ್ದರು. ಈ ಹೊತ್ತಿಗೆ ಮನೆಯಲ್ಲಿರಬೇಕು. “ಇಳಿ” ಎಂದು ಅಣ್ಣನ ತೋಳು ಹಿಡಿದೆ. ಅವನು ಚಿಕ್ಕ ಮಗುವಿನ ಹಾಗೆ ಇಳಿದ.

ಸಿಸ್ಟರ್ ಪೂಜೆಗೆ ಉಟ್ಟ ಸೀರೆಯಲ್ಲೇ ಅಂಗಳದಲ್ಲಿದ್ದರು. ನಮ್ಮನ್ನು ಕಂಡವರೇ ಅಣ್ಣನ ಮುಖ ನೋಡಿದರು. ಹತ್ತಿರ ಬಂದು ಅವನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ನೋಡಿದರು, ಆಸ್ಪತ್ರೆಯಲ್ಲಿ ನೋಡುವ ಹಾಗೆ. ಅವನು ಬೇಡ ಅನ್ನಲಿಲ್ಲ.

“ಗಂಜಿ ಕುಡಿಯಿರಿ ಮೊದಲು” ಅಂದರು.

ಅವರ ತಾಯಿ ಗಂಜಿ ಬಡಿಸಿದರು, ಒಣಮೀನಿನ ಚಟ್ನಿ ಇಟ್ಟರು. ಅಣ್ಣ ಅರ್ಧ ಕುಡಿದು, ಚಾವಡಿಯಲ್ಲಿ ಹಾಸಿದ ಚಾಪೆಯ ಮೇಲೆ ಅಡ್ಡಾದ. ಅವನು ಎದ್ದದ್ದು ಮರುದಿನ ಬಿಸಿಲೇರಿದ ಮೇಲೆ. ನಾನು ನಡುವೆ ಗಾಬರಿಯಾಗಿ, “ಎಬ್ಬಿಸುವುದಾ?” ಎಂದು ಕೇಳಿದರೆ ಸಿಸ್ಟರ್ ಅವನ ಉಸಿರಾಟವನ್ನು ಒಂದಷ್ಟು ಹೊತ್ತು ನೋಡಿ, “ಬೇಡ ಮಾರಾಯ್ತಿ, ಚೆನ್ನಾಗಿ ಹೋಗ್ತಾ ಉಂಟು” ಅಂದರು. ಅಮ್ಮನಿಗೆ ಹೇಳಿಕಳಿಸಿದೆವು. ಶೆಡ್ಡಿಗೆ ಬೀಗ ಬಿದ್ದೇ ಇರಲಿ ಎಂದು ಸಿಸ್ಟರ್ ತೀರ್ಮಾನಿಸಿದರು, ಹುಡುಗಿಯರಿಗೂ ರಜೆ ಸಿಕ್ಕಿತು. ನಾವಿಬ್ಬರೂ ವಾರದಷ್ಟು ಕಾಪುವಿನಲ್ಲೇ ಉಳಿದೆವು.

ಆ ವಾರದಲ್ಲಿ ಹೆಚ್ಚೇನೂ ಮಾಡಲಿಲ್ಲ. ಸಂಜೆ ಸಮುದ್ರದ ಬದಿಗೆ ಹೋಗುತ್ತಿದ್ದೆವು. ಬಂಡೆಯ ಮೇಲಿನ ದೀಪಸ್ತಂಭದ ನೆರಳು ಮರಳಿನಲ್ಲಿ ಉದ್ದವಾಗುವುದನ್ನು ನೋಡುತ್ತ ಕೂರುತ್ತಿದ್ದೆವು. ಕಾರ್ಕಳದಲ್ಲಿ ಹುಟ್ಟಿ ಬೆಳೆದ ಅಣ್ಣನಿಗೆ ಅಲೆ ಅಂದರೆ ಅಷ್ಟಾಗಿ ರೂಢಿಯಿಲ್ಲ. ಪ್ರತಿ ಅಲೆಯೂ ತನ್ನ ಕಡೆಗೇ ಬರುತ್ತದೆ ಎನ್ನುವ ಹಾಗೆ ಮೊದಲು ಮೈ ಬಿಗಿದು ಕೂರುತ್ತಿದ್ದ. ಮೂರು ನಾಲ್ಕು ಸಂಜೆ ಕಳೆದ ಮೇಲೆ ಬಿಗಿತ ಸಡಿಲವಾಯಿತು. ಆಗ ಒಂದು ಸಂಜೆ ಅವನೇ ಮಾತು ತೆಗೆದ.

“ಸಿಸ್ಟರ್, ನೀವು ಅಷ್ಟು ರೋಗಿಗಳನ್ನು ತಲೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗಿ ಹೇಗೆ ಮಲಗುತ್ತಿದ್ದಿರಿ?”

“ತಲೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಬಿಡುವುದಿಲ್ಲ ಅಲ್ಲಿ” ಅಂದರು ಸಿಸ್ಟರ್. “ಡ್ಯೂಟಿ ಮುಗಿಯುವಾಗ ಮುಂದಿನವಳು ಬರ್ತಾಳೆ. ಇಬ್ಬರೂ ಒಟ್ಟಿಗೆ ಒಂದೊಂದೇ ಹಾಸಿಗೆಯ ಬಳಿ ನಿಲ್ಲಬೇಕು. ಇವರಿಗೆ ಜ್ವರ ಉಂಟು, ಇವರಿಗೆ ಮದ್ದು ಕೊಟ್ಟಾಗಿದೆ, ಇವರನ್ನು ಸ್ವಲ್ಪ ನೋಡಿಕೋ. ಬಾಯಿಬಿಟ್ಟು ಹೇಳಬೇಕು. ಕೊನೆಯ ಹಾಸಿಗೆ ಆಯಿತಾ, ಆಮೇಲೆ ಅವರು ನನ್ನ ರೋಗಿಗಳಲ್ಲ. ಅವಳ ರೋಗಿಗಳು. ನಾನು ಚಪ್ಪಲಿ ಮೆಟ್ಟಿ ಹೋಗಬಹುದು.”

ಅಣ್ಣ ಮರಳನ್ನು ಮುಷ್ಟಿಯಲ್ಲಿ ಹಿಡಿದು ಸುರಿಯುತ್ತಿದ್ದ. “ನಾನು ಯಾರಿಗೆ ಒಪ್ಪಿಸುವುದು?”

“ಎಂತ ಕೇಳ್ತೀರಿ ಮಾರಾಯ್ರೇ! ಇಲ್ಲಿ ಕೂತಿದ್ದಾಳಲ್ಲ?”

ಅಣ್ಣ ನನ್ನ ಕಡೆ ತಿರುಗಿದ. ನನಗೆ ಅಳು ಬಂತು. ಎರಡು ವರ್ಷ ಅವನ ಪಕ್ಕದ ಬೆಂಚಿನಲ್ಲೇ ಕೂತಿದ್ದೆ. ಅವನು ತಾನೊಬ್ಬನೇ ಅಂದುಕೊಂಡಿದ್ದ.

“ಅವಳಿಗೆ ತಲೆಬಿಸಿ ಬೇಡ ಅಂತ...” ಎಂದು ಶುರುಮಾಡಿದ.

“ನನಗೆ ಬೇಕು” ಅಂದೆ. “ಅರ್ಧ ಕೊಡು.”

ಅವನು ನಕ್ಕ. ನಗು ಬರುವಾಗ ಅವನ ಮುಖ ಎಷ್ಟು ಒಣಗಿತ್ತೆಂದರೆ, ತುಟಿಯ ಬದಿಯಲ್ಲಿ ಚರ್ಮ ಸೀಳಿತು. ಸಿಸ್ಟರ್ ಚೀಲದಿಂದ ವ್ಯಾಸಲಿನ್ ತೆಗೆದುಕೊಟ್ಟರು.

ಶೆಡ್ಡು ತೆರೆದಾಗ ಒಳಗೆ ಹೊಸ ಜೇಡರ ಬಲೆಗಳ ಹೊರತು ಬೇರೇನೂ ಆಗಿರಲಿಲ್ಲ. ಬಾಗಿಲ ಸಂದಿಯಲ್ಲಿ ಗಿರಾಕಿಗಳು ಸಿಕ್ಕಿಸಿದ ಒಂದೆರಡು ಚೀಟಿ ಇದ್ದವು. ಬಂದಿದ್ದೆವು, ಬೀಗ ಇತ್ತು, ಪುನಃ ಬರುತ್ತೇವೆ. ಅಣ್ಣ ಅವನ್ನು ಓದಿ ಆಶ್ಚರ್ಯದಿಂದ, “ಪುನಃ ಬರ್ತಾರಂತೆ” ಅಂದ.

ಅವತ್ತಿನಿಂದ ಅವನು ನನಗೆ ಕಲಿಸತೊಡಗಿದ. ಒಳ್ಳೆಯ ಮೇಷ್ಟ್ರಲ್ಲ. ಅರ್ಧ ಹೇಳಿ, “ಕೊಡು, ನಾನೇ ಮಾಡುತ್ತೇನೆ” ಎಂದು ಕಸಿದುಕೊಳ್ಳುತ್ತಿದ್ದ. ಸಿಸ್ಟರ್ ಕೆಮ್ಮುತ್ತಿದ್ದರು. ಅವನು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಒಂದು ಪೆಟ್ಟಿಗೆ ಪೂರ್ತಿ ನನ್ನ ಕೈಯಲ್ಲೇ ತಯಾರಾಗಿ, ಕರೆಂಟು ಕೊಟ್ಟಾಗ ಅದು ಗುಂಯ್ ಎಂದ ದಿನ ನಾನು ಹೊರಗೆ ಹೋಗಿ ಕಣಿವೆ ನೋಡುತ್ತ ನಿಂತುಬಿಟ್ಟೆ. ಘಟ್ಟದ ನೀಲಿ ಅವತ್ತು ಇಷ್ಟು ಹತ್ತಿರ ಬಂದಿತ್ತು.

ಸಂಜೆ ಸೂರ್ಯ ಪಡುಗಡೆಗೆ ವಾಲಿದಾಗ ಒಪ್ಪಿಸುವ ಕೆಲಸ. ಮೂವರೂ ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದೆವು. “ಇದರ ರಿಲೇ ಅಂಟಿಕೊಳ್ತದೆ, ನಾಳೆ ನೀನು ನೋಡು.” “ಇದು ಹಿರಿಯಡ್ಕದ ಮಾಸ್ಟ್ರದ್ದು, ಅವರು ಸಿಟ್ಟಿನಲ್ಲಿದ್ದಾರೆ, ಮಾತಾಡಲಿಕ್ಕೆ ಸಿಸ್ಟರ್ ಆಗಬೇಕು.” “ಇದು ಮುಗಿದಿದೆ.” ಬರೆದಿಡಲಿಲ್ಲ. ಬರೆದರೆ ಓದುವುದಿಲ್ಲ, ಮುಖ ನೋಡಿ ಹೇಳಿದರೆ ಕೇಳಲೇಬೇಕು ಎಂದು ಸಿಸ್ಟರ್ ಹಟ ಹಿಡಿದಿದ್ದರು. ಬೀಗದ ಕೈ ನನ್ನ ಬಳಿ ಬಂತು. ಯಾಕೆಂದರೆ ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹೆಣ್ಣುಮಗಳು ನಾನು. ನನ್ನ ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ, ನಾನು ಬೀಗ ಹಾಕಿದರೆ ಎಲ್ಲರೂ ಹೊರಡಲೇಬೇಕು. ಹೀಗೆ ಅಮ್ಮನ ಕಟ್ಟುಪಾಡು ಮೊದಲ ಸಲ ಎಲ್ಲರ ಉಪಯೋಗಕ್ಕೆ ಬಂತು.

ಸುಲಭವಾಗಿ ಆಯಿತು ಅಂತ ಅಲ್ಲ. ಒಂದು ಸಂಜೆ ಬಸ್ಸು ಹಿರಿಯಡ್ಕದಲ್ಲಿ ನಿಂತಾಗ ಅಣ್ಣ ತಟ್ಟನೆ ಎದ್ದ.

“ಆ ಬಾಗಿಲ ಬಳಿಯ ಪೆಟ್ಟಿಗೆ. ಅದರ ಫ್ಯೂಸು ನಾನು...”

“ಅದು ನನ್ನದು” ಅಂದೆ. “ನೀನು ಒಪ್ಪಿಸಿ ಆಗಿದೆ.”

ನಿಂತೇ ಇದ್ದ. ಹಿಂದಿನವರು ಇಳಿಯಲು ಅವಸರ ಮಾಡುತ್ತಿದ್ದರು. ಒಬ್ಬ ಹೆಂಗಸು ಬಾಳೆಗೊನೆ ಹಿಡಿದು, “ಇಳಿಯುವುದಾದರೆ ಇಳಿಯಿರಿ ಮಾರಾಯ್ರೇ” ಅಂದಳು. ಅಣ್ಣ ನನ್ನನ್ನು ನೋಡಿದ, ಬಾಳೆಗೊನೆಯನ್ನು ನೋಡಿದ, ಕೂತ. ಬೈಲೂರು ಬರುವಷ್ಟರಲ್ಲಿ ಅವನ ತಲೆ ನನ್ನ ಭುಜಕ್ಕೆ ಒರಗಿತ್ತು.

ದೀಪಾವಳಿಗೆ ಮುಂಚೆ ಉಡುಪಿಯಲ್ಲಿ ಫ್ರಿಜ್ಜು ಮಾರುವ ಅಂಗಡಿಯವರೊಬ್ಬರು ದೊಡ್ಡ ಆರ್ಡರು ಹೇಳಿದರು. ಅಣ್ಣ ಹಳೆಯ ಅಭ್ಯಾಸದಿಂದ, “ಆಗ್ತದೆ” ಎಂದು ಬಂದಿದ್ದ. ಸಂಜೆ ಒಪ್ಪಿಸುವಾಗ ಅದನ್ನು ಹೇಳಿದ. ಮೂವರೂ ಮುಖ ಮುಖ ನೋಡಿಕೊಂಡೆವು. ಅಷ್ಟನ್ನು ಅಷ್ಟರೊಳಗೆ ಮಾಡಬೇಕಾದರೆ ಶೆಡ್ಡಿನಲ್ಲೇ ಮಲಗಬೇಕು.

“ಮಾಡಿದರೆ ನಾವು ನಾಲ್ಕು ಜನರ ಕಣ್ಣಿಗೆ ಬೀಳ್ತೇವೆ” ಅಂದ ಅಣ್ಣ.

“ಮಾಡಿದರೆ ನೀವು ಪುನಃ ಬಸ್ಸಿಗೆ ಬೀಳ್ತೀರಿ” ಅಂದರು ಸಿಸ್ಟರ್.

ಅಂಗಡಿಗೆ ನಾನೂ ಸಿಸ್ಟರೂ ಹೋದೆವು. ಧಣಿಗಳು ಗಲ್ಲಾದ ಹಿಂದೆ ಕೂತು ನಮ್ಮಿಬ್ಬರನ್ನೂ ನೋಡಿ ಅಣ್ಣನೆಲ್ಲಿ ಎಂದರು. ಹೇಳಿದ್ದರಲ್ಲಿ ಅರ್ಧ ಹಬ್ಬಕ್ಕೆ ಕೊಡುತ್ತೇವೆ, ಉಳಿದದ್ದು ಹಬ್ಬ ಕಳೆದು ಎಂದು ಸಿಸ್ಟರ್ ಹೇಳಿದರು.

“ಹಬ್ಬ ಕಳೆದು ನನಗೆ ಎಂತಕ್ಕೆ? ಆಗುವುದಿಲ್ಲವಾದರೆ ಆಗುವುದಿಲ್ಲ ಅಂತ ಹೇಳಿ, ಮಂಗಳೂರಿನಲ್ಲಿ ಮಾಡುವವರು ಇದ್ದಾರೆ.”

“ಆಗುವುದಿಲ್ಲ” ಅಂದೆ ನಾನು. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಅವರಿಗೂ ಆಯಿತು ಎಂದು ಕಾಣುತ್ತದೆ. ಫೋನಿಗೆ ಕೈ ಹಾಕಿದರು. ನಾವು ಎದ್ದು ಬಂದೆವು.

ಇಲ್ಲಿ ಅವರು ಆಮೇಲೆ ನಮ್ಮನ್ನೇ ಹುಡುಕಿ ಬಂದರು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಬರಲಿಲ್ಲ. ಆ ಅಂಗಡಿ ನಮ್ಮ ಕೈ ತಪ್ಪಿತು, ಮತ್ತೆ ದೊರೆಯಲಿಲ್ಲ. ಅವತ್ತು ರಥಬೀದಿಯ ಬಳಿ ಹೋಟೆಲೊಂದರಲ್ಲಿ ನಾವಿಬ್ಬರೂ ಬನ್ಸು ತಿಂದು, ಕಾಫಿ ಕುಡಿದು, ಬಸ್ಸು ಹತ್ತಿದೆವು. ಅಣ್ಣನಿಗೆ ಹೇಳಿದಾಗ ಅವನು ಗೋಡೆಯ ಕಡೆ ತಿರುಗಿದ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಆ ದೀಪಾವಳಿಗೆ ಅವನು ಮನೆಯಲ್ಲಿದ್ದ. ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಕೂತು ಬಚ್ಚಲೊಲೆಯ ಹೊಗೆ ಮಾಡಿನ ಮೇಲೆ ಸುರುಳಿ ಬಿಚ್ಚುವುದನ್ನು ನೋಡುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು.

ನಮಗೆ ದಾರಿ ತಿಳಿಯಿತು ಅಂದುಕೊಂಡಿದ್ದೆವು. ಮುಂದಿನ ಬೇಸಿಗೆಯಲ್ಲಿ ಸಿಸ್ಟರೇ ಕುಸಿದರು.

ನಾವು ಗಮನಿಸಲೇ ಇಲ್ಲ ಅನ್ನಬೇಕು. ಸಂಜೆ ಬೆಂಚುಗಳ ಸುತ್ತು ಬರುವಾಗ ಅಣ್ಣ ಹೇಳುತ್ತಿದ್ದ, ನಾನು ಹೇಳುತ್ತಿದ್ದೆ. ಸಿಸ್ಟರಿನ ಸರದಿ ಬಂದರೆ, “ನನ್ನದು ಎಂತ ಉಂಟು, ಏನಿಲ್ಲ” ಎನ್ನುತ್ತಿದ್ದರು. ಅವರಿಗೆ ಬೆಂಚು ಇರಲಿಲ್ಲವಲ್ಲ. ಅವರದ್ದು ಮನೆಗಳು. ಪಡುಬಿದ್ರಿಯಲ್ಲಿ ಪೆಟ್ಟಿಗೆ ಕೆಟ್ಟರೆ ಬೈಗುಳ ಅವರಿಗೆ, ಕಾರ್ಕಳದಲ್ಲಿ ತಡವಾದರೆ ಬೈಗುಳ ಅವರಿಗೆ. ಬಿಸಿಲಿನಲ್ಲಿ ಕೊಡೆ ಹಿಡಿದು ಮನೆ ಮನೆ ತಿರುಗಿ, ಎಲ್ಲರನ್ನೂ ಸಮಾಧಾನ ಮಾಡಿ, ನಮ್ಮ ಬಳಿ ಬಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ಶೆಡ್ಡಿಗೆ ಬಂದು ಹೊಸ್ತಿಲಲ್ಲಿ ನಿಂತರು. ನಾನು, “ಬನ್ನಿ ಸಿಸ್ಟರ್” ಅಂದೆ. ಅವರು ನನ್ನನ್ನೇ ನೋಡುತ್ತ ನಿಂತಿದ್ದರು. ತುಂಬ ಹೊತ್ತು. ಆಮೇಲೆ ಮೆಲ್ಲಗೆ, “ನಿನ್ನ ಹೆಸರು ಬರ್ತಾ ಇಲ್ಲ” ಅಂದರು.

ನಾನು ತಮಾಷೆ ಎಂದುಕೊಂಡು ನಕ್ಕೆ. ಅಣ್ಣ ನಗಲಿಲ್ಲ. ಎದ್ದು ಬಂದು, ಕುರ್ಚಿ ತಂದು, ಅವರನ್ನು ಕೂರಿಸಿ, ನೀರು ಕೊಟ್ಟ. ಪರೀಕ್ಷೆಗೆ ಇಟ್ಟ ಪೆಟ್ಟಿಗೆಗಳ ಸ್ವಿಚ್ಚು ಆರಿಸಿದ. ಗುಂಯ್ ನಿಂತ ಮೇಲೆ ಶೆಡ್ಡಿನಲ್ಲಿ ಗಾಳಿಯ ಸದ್ದೊಂದೇ ಉಳಿಯಿತು.

“ಅಲ್ಲಿಯೂ ಹೀಗೇ ಆದದ್ದು” ಎಂದರು ಸಿಸ್ಟರ್, ಕಣಿವೆ ನೋಡುತ್ತ. “ಒಂದು ತಿಂಗಳು ನೋಡಿಕೊಂಡ ಅಜ್ಜಿ. ದಿನಾ ನನ್ನ ಕೈ ಹಿಡಿದುಕೊಳ್ತಿದ್ದಳು. ಒಂದು ಬೆಳಿಗ್ಗೆ ಹಾಸಿಗೆಯ ಬಳಿ ನಿಂತರೆ ಇವಳು ಯಾರು ಅಂತ ನೆನಪಾಗಲಿಲ್ಲ. ಅವಳು ನನ್ನನ್ನು ನೋಡಿ ನಗ್ತಾ ಇದ್ದಾಳೆ. ಯಾರಿಗೂ ಹೇಳಲಿಲ್ಲ. ಊರಿಗೆ ಬಂದೆ.”

“ರೋಗಿಗಳನ್ನು ಒಪ್ಪಿಸುತ್ತಿದ್ದಿರಿ ಅಂದಿರಲ್ಲ” ಎಂದ ಅಣ್ಣ. ಸಿಟ್ಟಿನಲ್ಲಲ್ಲ, ತಿಳಿಯಬೇಕು ಅಂತ.

“ರೋಗಿಗಳನ್ನು ಒಪ್ಪಿಸ್ತಿದ್ದೆ. ನನ್ನನ್ನು ಒಪ್ಪಿಸಲಿಕ್ಕೆ ಯಾರೂ ಇರಲಿಲ್ಲ.”

ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಅಣ್ಣ ಅವರ ಕಾಲ ಬಳಿ ನೆಲದಲ್ಲಿ ಕೂತ. “ಹೇಳಿ ಸಿಸ್ಟರ್. ಯಾವ ಯಾವ ಮನೆ, ಯಾರು ಏನು ಹೇಳಿದರು, ಒಂದೊಂದಾಗಿ ಹೇಳಿ. ನಾನು ಕೇಳ್ತೇನೆ” ಅಂದ. ಅವರು ಹೇಳತೊಡಗಿದರು. ಬೆಳ್ಮಣ್ಣಿನಲ್ಲಿ ಒಬ್ಬರು ಪೆಟ್ಟಿಗೆಯನ್ನು ಅಂಗಳಕ್ಕೆ ಎಸೆದದ್ದು, ಕಾಪುವಿನ ಒಬ್ಬರು ನರ್ಸಿಗೆ ಈ ವ್ಯಾಪಾರ ಯಾಕೆ ಎಂದದ್ದು. ಹೇಳಿ ಮುಗಿಯುವಾಗ ಕಣಿವೆಯ ಮೇಲೆ ಬಿಸಿಲು ಹಳದಿಯಾಗಿತ್ತು. ಪರ್ಕಳದ ಹುಡುಗಿಯರಲ್ಲಿ ದೊಡ್ಡವಳು ಎಲ್ಲರಿಗೂ ಚಹಾ ಮಾಡಿ ತಂದಳು.

ಆ ಬೇಸಿಗೆಯ ಉಳಿದ ದಿನಗಳಲ್ಲಿ ಸಿಸ್ಟರ್ ಶೆಡ್ಡಿಗೆ ಬರಲಿಲ್ಲ, ಕಾಪುವಿನಲ್ಲೇ ಇದ್ದರು. ಮನೆಗಳನ್ನು ಅಣ್ಣ ಮತ್ತು ನಾನು ಹಂಚಿಕೊಂಡೆವು. ಬೈಗುಳ ತಿನ್ನುವುದು ಎಷ್ಟು ಸುಸ್ತಿನ ಕೆಲಸ ಎಂದು ಆಗ ತಿಳಿಯಿತು. ನಾವು ಹೆಚ್ಚು ಪೆಟ್ಟಿಗೆ ಮಾಡಲಿಲ್ಲ, ಮಾಡಿದ್ದನ್ನು ಎರಡು ಸಲ ಪರೀಕ್ಷಿಸಿದೆವು. ಅದರಿಂದ ಬೈಗುಳವೂ ಕಡಿಮೆಯಾಯಿತು. ಮಳೆ ಹಿಡಿದ ಮೇಲೆ ಸಿಸ್ಟರ್ ಬಂದರು. ಬಾಗಿಲಲ್ಲೇ ನನ್ನ ಹೆಸರು ಹಿಡಿದು ಕರೆದರು, ದೊಡ್ಡ ದನಿಯಲ್ಲಿ, ಕಣಿವೆಗೆಲ್ಲ ಕೇಳುವ ಹಾಗೆ. ಅಂದಿನಿಂದ ಸಂಜೆಯ ಸುತ್ತು ಅವರಿಂದಲೇ ಶುರುವಾಗುತ್ತಿತ್ತು. “ಏನಿಲ್ಲ” ಎನ್ನಲು ಯಾರಿಗೂ ಅನುಮತಿ ಇರಲಿಲ್ಲ, ಹುಡುಗಿಯರಿಗೂ.

ನಮ್ಮ ಶೆಡ್ಡು ದೊಡ್ಡದಾಗಲಿಲ್ಲ. ಅಣ್ಣ ಕನಸಿನಲ್ಲಿ ಕಂಡ ಇಡೀ ಮನೆಯ ಪೆಟ್ಟಿಗೆಯನ್ನು ಬೇರೆ ಯಾರೋ ಮಾಡಿದರು. ಆ ದಶಕ ಮುಗಿಯುವವರೆಗೆ ನಮ್ಮ ಶೆಡ್ಡು ನಡೆಯಿತು. ನಮ್ಮ ಅನ್ನ, ಇಬ್ಬರು ಹುಡುಗಿಯರ ಮದುವೆ, ಅಮ್ಮನ ಕಣ್ಣಿನ ಆಪರೇಷನ್ ಎಲ್ಲ ಅದರಲ್ಲೇ ಆಯಿತು. ಪರ್ಕಳದ ದೊಡ್ಡ ಹುಡುಗಿ ಮದುವೆಯ ಮೇಲೂ ಬರುತ್ತಿದ್ದಳು, ಸರ್ಕ್ಯೂಟು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಕೊನೆಗೆ ಶೆಡ್ಡನ್ನು ಅವಳಿಗೂ ಅವಳ ಗಂಡನಿಗೂ ಬಿಟ್ಟುಕೊಟ್ಟು ಬಂದೆವು.

ಆ ನಡುವಿನ ವರ್ಷಗಳ ಒಂದು ಮಧ್ಯಾಹ್ನ ಮಾತ್ರ ಯಾಕೋ ಹಾಗೇ ಉಳಿದಿದೆ. ಕರೆಂಟು ಹೋಗಿತ್ತು. ಕರೆಂಟಿಲ್ಲದೆ ನಮ್ಮಲ್ಲಿ ಕೆಲಸವಿಲ್ಲ. ಸಿಸ್ಟರ್ ಹೊಸ್ತಿಲಲ್ಲಿ ಕೂತು ಹುಡುಗಿಯರಿಗೆ ಕೊಂಕಣಿ ಹಾಡು ಕಲಿಸುತ್ತಿದ್ದರು. ಅಣ್ಣ ಹೊರಗಿನ ಗೇರುಮರದ ನೆರಳಲ್ಲಿ ಬೆಂಚು ಹಾಕಿಕೊಂಡು ಮಲಗಿದ್ದ. ಅಷ್ಟರಲ್ಲಿ ಪಡುಬಿದ್ರಿ ಕಡೆಯ ಬ್ಯಾರಿ ಮುಸ್ಲಿಮ್ ಸಾಹೇಬರೊಬ್ಬರು ಟ್ಯಾಕ್ಸಿ ಮಾಡಿಕೊಂಡು ಬಂದರು. ಮಗ ದುಬೈಯಿಂದ ಫ್ರಿಜ್ಜು ತಂದಿದ್ದಾನೆ, ಪೆಟ್ಟಿಗೆ ಬೇಕು. ಯಾವ ಅಳತೆಯದು ಎಂದು ಅಣ್ಣನನ್ನೇ ಕೇಳಬೇಕಂತೆ.

“ನಾನೇ ನೋಡಿ ಹೇಳ್ತೇನೆ” ಅಂದೆ. “ಅಥವಾ ಅವನನ್ನು ಎಬ್ಬಿಸಲಾ?”

ಸಾಹೇಬರು ಗೇರುಮರದ ಕಡೆ ನೋಡಿದರು. ಅಣ್ಣನ ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಬೆಂಚಿನಿಂದ ಕೆಳಗೆ ಜೋತುಬಿದ್ದಿತ್ತು. ಒಣ ಎಲೆಯೊಂದು ಅವನ ಎದೆಯ ಮೇಲೆ ಕೂತು ಉಸಿರಿನ ಜೊತೆ ಏರಿ ಇಳಿಯುತ್ತಿತ್ತು.

“ಬೇಡ ಬೇಡ” ಅಂದರು. “ಇಂಥ ನಿದ್ರೆ ನಾನು ನೋಡದೆ ಎಷ್ಟು ಕಾಲವಾಯಿತು. ನೀನು ಹೇಳಮ್ಮ, ನಿನಗೂ ಗೊತ್ತುಂಟಲ್ಲ.”

ನಾನು ಫ್ರಿಜ್ಜಿನ ವಿವರ ಕೇಳಿ, ಒಳಗಿನಿಂದ ಒಂದು ಪೆಟ್ಟಿಗೆ ತಂದು ತೋರಿಸಿದೆ. ಪರೀಕ್ಷೆ ಮಾಡದೆ ಕೊಡುವಂತಿಲ್ಲ, ಕರೆಂಟು ಬರುವವರೆಗೆ ಕಾಯಬೇಕು ಎಂದೆ. “ಕಾಯುವ” ಎಂದು ಅವರು ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟು, ಪೆಟ್ಟಿಗೆಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಟ್ಯಾಕ್ಸಿಯವನು ಬಾಗಿಲು ತೆರೆದಿಟ್ಟು ಸೀಟಿನಲ್ಲಿ ಒರಗಿದ. ಹುಡುಗಿಯರು ಹಾಡಿನಲ್ಲಿ ತಪ್ಪುತ್ತಿದ್ದರು, ಸಿಸ್ಟರ್ ತಿದ್ದುತ್ತಿದ್ದರು, ಗಾಳಿ ಕೆಳಗಿನ ಕಣಿವೆಯಿಂದ ಬರುತ್ತಲೇ ಇತ್ತು.